ಕಬ್ಬಿಣ ತಿಂದರೂ ಏರದ ರಕ್ತ, ತಾಮ್ರದ ಚೊಂಬು ಮತ್ತು ಎರಡು ಜಿಂಕ್ ಮಾತ್ರೆ

ಪ್ರಶ್ನೆ: ನನಗೆ 54 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಎಂಟು ತಿಂಗಳಿಂದ ವಿಪರೀತ ಸುಸ್ತು. ಹಿಮೋಗ್ಲೋಬಿನ್ 8.1. ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ತಿಂದರೂ ಏರಲಿಲ್ಲ. ಬಿಳಿ ರಕ್ತಕಣ 2,600. ಫೆರಿಟಿನ್ 260 ಇದೆ, ಕಬ್ಬಿಣ ಸಾಕಷ್ಟಿದೆ ಎಂದು ಡಾಕ್ಟರು ಮಾತ್ರೆ ನಿಲ್ಲಿಸಿದರು. ಪಾದ ಜೋಮು ಹಿಡಿದಂತಿರುತ್ತದೆ, ನಡೆಯುವಾಗ ನೆಲ ಸರಿಯಾಗಿ ತಿಳಿಯುವುದಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮುಗ್ಗರಿಸುತ್ತೇನೆ. ಬಿ12 ಇಂಜೆಕ್ಷನ್ ಹತ್ತು ಆಯಿತು, ವ್ಯತ್ಯಾಸವಿಲ್ಲ. 2021ರಲ್ಲಿ ಕೋವಿಡ್ ಬಂದಾಗಿನಿಂದ ಬೆಳಿಗ್ಗೆ ಒಂದು ಜಿಂಕ್ ಮಾತ್ರೆ ತಿನ್ನುತ್ತಿದ್ದೇನೆ. ಕೂದಲು ಉದುರುತ್ತದೆಂದು ಎರಡು ವರ್ಷದಿಂದ ರಾತ್ರಿ ಇನ್ನೊಂದು. ಎರಡರ ಮೇಲೂ 50 ಮಿ.ಗ್ರಾಂ ಎಂದಿದೆ. ಬೇರೆ ಔಷಧಿ ಇಲ್ಲ. ಸೊಸೆ, "ನಿಮಗೆ ತಾಮ್ರ ಕಡಿಮೆಯಾಗಿದೆ, ತಾಮ್ರದ ಚೊಂಬಿನ ನೀರು ಕುಡಿಯಿರಿ, ನರೆಗೂದಲೂ ಕಪ್ಪಾಗುತ್ತೆ" ಎನ್ನುತ್ತಾಳೆ. ನನಗೆ ಹೆದರಿಕೆ. ಮೈದುನನ ಮಗನಿಗೆ ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆ, ಅವರ ಮನೆಯಲ್ಲಿ ತಾಮ್ರದ ಪಾತ್ರೆಯನ್ನೆಲ್ಲ ಅಟ್ಟಕ್ಕೆ ಹಾಕಿದ್ದಾರೆ. ತಾಮ್ರ ವಿಷವೋ ಔಷಧವೋ? ನಾನು ತಾಮ್ರದ ಮಾತ್ರೆ ತೆಗೆದುಕೊಳ್ಳಲೇ? ಏಳು ತಿಂಗಳ ಮೊಮ್ಮಗಳಿಗೆ ಆ ಚೊಂಬಿನ ನೀರು ಕೊಡಬಹುದೇ?

ಉತ್ತರ: ನಿಮ್ಮ ಪತ್ರ ಓದುತ್ತ ನನ್ನ ಕಣ್ಣು ಆ ಎರಡು ಜಿಂಕ್ ಮಾತ್ರೆಗಳ ಹತ್ತಿರ ನಿಂತುಬಿಟ್ಟಿತು. ಸೊಸೆ ಹೇಳಿದ್ದರಲ್ಲಿ ಅರ್ಧ ಸರಿ ಇರಬಹುದು. ನಿಮ್ಮ ಮೈಯಲ್ಲಿ ತಾಮ್ರ ಕಡಿಮೆಯಾಗಿರುವ ಸಾಧ್ಯತೆ ಬಲವಾಗಿದೆ. ಹಾಗಿದ್ದರೆ ಚೊಂಬಿನ ನೀರು ಅದನ್ನು ತುಂಬಿಕೊಡಲಾರದು. ಸೋರುವ ತೂತು ಬೇರೆಲ್ಲೋ ಇದೆ, ಅದನ್ನು ಮೊದಲು ಮುಚ್ಚಬೇಕು.

ಪತ್ರ ನೋಡಿ ಕಾಯಿಲೆ ಇದೇ ಎಂದು ಹೇಳುವವನಲ್ಲ ನಾನು. ಆದರೆ ಕಬ್ಬಿಣಕ್ಕೆ ಬಗ್ಗದ ರಕ್ತಹೀನತೆ, ಅದರ ಜೊತೆಗೇ ಇಳಿದ ಬಿಳಿ ರಕ್ತಕಣ, ಜೋಮು ಹಿಡಿದ ಪಾದ, ಕಣ್ಣು ಮುಚ್ಚಿದರೆ ತಪ್ಪುವ ಆಯ, ದಿನಕ್ಕೆ 100 ಮಿ.ಗ್ರಾಂ ಜಿಂಕ್ ಇವಿಷ್ಟೂ ಒಬ್ಬರಲ್ಲೇ ಕೂಡಿದರೆ ರಕ್ತದ ತಾಮ್ರ ಪರೀಕ್ಷಿಸದೆ ಮುಂದಿನ ಹೆಜ್ಜೆ ಇಡಬಾರದು.

ತಾಮ್ರ ವಿಷವೋ ಔಷಧವೋ ಎಂದು ಕೇಳಿದ್ದೀರಿ. ಅದು ಮೊದಲಿಗೆ ಆಹಾರ. ದೊಡ್ಡವರ ಇಡೀ ದೇಹದಲ್ಲಿರುವುದೇ ಸುಮಾರು 100 ಮಿ.ಗ್ರಾಂ, ಒಂದು ಚಿಟಿಕೆಯಷ್ಟು. ದಿನಕ್ಕೆ ಬೇಕಾದ್ದು ಅಮೆರಿಕದ ಲೆಕ್ಕದಲ್ಲಿ 0.9 ಮಿ.ಗ್ರಾಂ, ಬಸುರಿಗೆ 1, ಬಾಣಂತಿಗೆ 1.3. ಇಷ್ಟು ಕಡಿಮೆ ಸಾಕಾದರೂ ಇದಿಲ್ಲದೆ ನಡೆಯದ ಕೆಲಸಗಳು ಹಲವು. ಉಸಿರಾಟದಿಂದ ಬಂದ ಆಮ್ಲಜನಕವನ್ನು ಜೀವಕೋಶ ಶಕ್ತಿಯಾಗಿಸುವ ಕೊನೆಯ ಹಂತ, ಮೂಳೆ ಮತ್ತು ರಕ್ತನಾಳಕ್ಕೆ ಗಟ್ಟಿತನ ಕೊಡುವ ಹೆಣಿಗೆ, ಚರ್ಮ ಮತ್ತು ಕೂದಲಿನ ಬಣ್ಣ, ನರಗಳ ಕೆಲಸ ಎಲ್ಲದರಲ್ಲೂ ತಾಮ್ರ ಹೊತ್ತ ಕಿಣ್ವಗಳಿವೆ.

ನಿಮ್ಮ ವಿಷಯಕ್ಕೆ ಮುಖ್ಯವಾದದ್ದು ಕಬ್ಬಿಣದ ಜೊತೆ ಅದಕ್ಕಿರುವ ನಂಟು. ಫೆರಿಟಿನ್ 260 ಎಂದರೆ ಕಣಜದಲ್ಲಿ ಅಕ್ಕಿ ಇದೆ ಎಂದರ್ಥ. ಆದರೆ ಅನ್ನ ಆಗುತ್ತಿಲ್ಲ. ಯಾಕೆಂದರೆ ಶೇಖರವಾದ ಕಬ್ಬಿಣ ಹೊರಬಂದು, ಅದನ್ನು ಹೊತ್ತೊಯ್ಯುವ ಪ್ರೋಟೀನಿನ ಹೆಗಲೇರಿ ಎಲುಬಿನ ಮಜ್ಜೆ ತಲುಪಬೇಕಾದರೆ ಮೊದಲು ಅದರ ರೂಪ ಬದಲಾಗಬೇಕು. ಆ ಬದಲಾವಣೆ ಮಾಡುವುದು ಸೆರುಲೋಪ್ಲಾಸ್ಮಿನ್ ಎಂಬ, ತಾಮ್ರ ತುಂಬಿದ ಪ್ರೋಟೀನು. ತಾಮ್ರವಿಲ್ಲದಿದ್ದರೆ ಕಣಜದ ಬೀಗ ತೆಗೆಯುವವರಿಲ್ಲ. 1928ರಲ್ಲೇ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾರ್ಟ್, ಸ್ಟೀನ್‌ಬಾಕ್, ಎಲ್ವೆಜೆಮ್ ಮೊದಲಾದವರು ಇದನ್ನು ಇಲಿಗಳಲ್ಲಿ ತೋರಿಸಿದ್ದರು. ಬರೀ ಹಾಲು ಕುಡಿದು ಬಿಳಿಚಿಕೊಂಡ ಇಲಿಗಳಿಗೆ ಶುದ್ಧ ಕಬ್ಬಿಣ ಕೊಟ್ಟರೂ ರಕ್ತ ಏರಲಿಲ್ಲ, ಚೂರು ತಾಮ್ರ ಸೇರಿಸಿದ ಮೇಲೆ ಏರಿತು. ನಿಮ್ಮ ಡಾಕ್ಟರು ಕಬ್ಬಿಣ ನಿಲ್ಲಿಸಿದ್ದು ಸರಿಯಾದ ನಿರ್ಧಾರ.

ಇನ್ನು ಪಾದದ ವಿಷಯ. ಬೆನ್ನುಹುರಿಯ ಹಿಂಬದಿಯ ಎಳೆಗಳು ಪಾದ ಎಲ್ಲಿದೆ, ನೆಲ ಹೇಗಿದೆ ಎಂಬ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತವೆ. ಅವು ಸೊರಗಿದಾಗ ಕಣ್ಣೇ ಆಸರೆಯಾಗುತ್ತದೆ. ಹಾಗಾಗಿ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ನಿಮಗೆ ಆಯ ತಪ್ಪುತ್ತದೆ. ಇದೇ ಚಿತ್ರ ಬಿ12 ಕೊರತೆಯಲ್ಲೂ ಬರುತ್ತದೆ. ನಮ್ಮಲ್ಲಿ ಬಿ12 ಕೊರತೆಯೇ ಬಹಳ ಹೆಚ್ಚು, ಆದ್ದರಿಂದ ಮೊದಲು ಆ ಇಂಜೆಕ್ಷನ್ ಕೊಟ್ಟದ್ದರಲ್ಲಿ ತಪ್ಪಿಲ್ಲ. ಹತ್ತು ಇಂಜೆಕ್ಷನ್ ಆದರೂ ಹೆಜ್ಜೆ ನಿಲ್ಲಲಿಲ್ಲ ಎಂದಾಗ ತಾಮ್ರದ ಹೆಸರು ಬರಬೇಕು. ಕುರಿ ಸಾಕುವವರಿಗೆ ಇದು ವೈದ್ಯರಿಗಿಂತ ಮೊದಲೇ ಗೊತ್ತಿತ್ತು. ತಾಮ್ರ ಕಡಿಮೆ ಇರುವ ಹುಲ್ಲುಗಾವಲಿನಲ್ಲಿ ಹುಟ್ಟುವ ಮರಿಗಳು ಹಿಂಗಾಲು ತೂರಾಡುತ್ತ ಬೀಳುವುದನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1930ರ ದಶಕದಲ್ಲೇ ಗುರುತಿಸಿದ್ದರು. ದೊಡ್ಡ ಮನುಷ್ಯರಲ್ಲಿ ಅದೇ ರೋಗವನ್ನು ವೈದ್ಯರು ಸ್ಪಷ್ಟವಾಗಿ ಗುರುತಿಸತೊಡಗಿದ್ದು 2001ರಿಂದೀಚೆಗೆ. ಅಷ್ಟು ಹೊಸದಾದ್ದರಿಂದಲೇ ಇದು ಎಷ್ಟೋ ಸಲ ಕಣ್ತಪ್ಪಿ ಹೋಗುತ್ತದೆ.

ಅನ್ನ, ಸಾರು, ಕಾಳು ತಿನ್ನುವ ಮನೆಯಲ್ಲಿ ತಾಮ್ರ ಯಾಕೆ ಕಡಿಮೆಯಾಯಿತು? ಊಟದಿಂದ ಆಗಿದ್ದಲ್ಲ. ಎಳ್ಳಿನಲ್ಲಿ 100 ಗ್ರಾಂಗೆ 4 ಮಿ.ಗ್ರಾಂ ಹತ್ತಿರ ತಾಮ್ರವಿದೆ, ಗೋಡಂಬಿಯಲ್ಲಿ 2ರ ಸುತ್ತಮುತ್ತ. ಹುರುಳಿ, ಕಡಲೆ, ರಾಗಿ, ಅಣಬೆ ಎಲ್ಲದರಲ್ಲೂ ಇದೆ, ಮಾಂಸ ತಿನ್ನುವವರಿಗೆ ಕುರಿಯ ಲಿವರ್ ಒಂದೇ ಸಾಕು. ಮೂರು ಹೊತ್ತು ಊಟ ಮಾಡುವ ಮನೆಯಲ್ಲಿ ಬರೀ ಆಹಾರದ ದೆಸೆಯಿಂದ ತಾಮ್ರದ ಕೊರತೆ ಬರುವುದು ತೀರಾ ಅಪರೂಪ. ತೂಕ ಇಳಿಸಲು ಅಥವಾ ಹುಣ್ಣಿಗೆಂದು ಜಠರದ ಆಪರೇಷನ್ ಆದವರಲ್ಲಿ ಹಲವು ವರ್ಷಗಳ ಮೇಲೆ ಬರುತ್ತದೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಬರುತ್ತದೆ. ಮತ್ತೆ ಬರುವುದು ಜಿಂಕ್‌ನಿಂದ.

ಇದು ಹೇಗೆಂದು ಹೇಳುತ್ತೇನೆ. ಜಿಂಕ್ ಹೆಚ್ಚಾದಾಗ ಕರುಳಿನ ಒಳಪದರದ ಕೋಶಗಳು ಲೋಹವನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತವೆ. ಜಿಂಕ್ ಬಂದಿದೆ ಎಂದು ಹಾಕಿದ ಬಲೆ ಅದು. ಆದರೆ ಆ ಬಲೆಗೆ ಜಿಂಕ್‌ಗಿಂತ ತಾಮ್ರವೇ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಊಟದಲ್ಲಿ ಬಂದ ತಾಮ್ರ ರಕ್ತಕ್ಕೆ ದಾಟದೆ ಆ ಕೋಶದೊಳಗೇ ಕೂರುತ್ತದೆ. ಕರುಳಿನ ಕೋಶಗಳ ಆಯುಸ್ಸು ಕೆಲವೇ ದಿನ. ಅವು ಉದುರುವಾಗ ತಾಮ್ರವೂ ಮಲದ ಜೊತೆ ಹೊರಗೆ. ನಿಮ್ಮಂಥ ಹೆಣ್ಣುಮಕ್ಕಳಿಗೆ ದಿನಕ್ಕೆ ಬೇಕಾದ ಜಿಂಕ್ 13 ಮಿ.ಗ್ರಾಂ ಆಸುಪಾಸು, ಹೆಚ್ಚೆಂದರೆ 40 ದಾಟಬಾರದು ಎಂಬ ಮಿತಿ ಇದೆ. ನೀವು ಎರಡು ವರ್ಷದಿಂದ 100 ತಿನ್ನುತ್ತಿದ್ದೀರಿ. ಕೋವಿಡ್ ಸಮಯದಲ್ಲಿ ಕೆಲವು ದಿನಕ್ಕೆಂದು ಶುರುವಾದ ಮಾತ್ರೆಯನ್ನು "ಇನ್ನು ಸಾಕು" ಎಂದು ನಿಮಗೆ ಯಾರೂ ಹೇಳಲಿಲ್ಲ. ಆ ಮಾತು ಹೇಳಬೇಕಾದವರು ನಾವು, ವೈದ್ಯರು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ನನ್ನಲ್ಲಿಗೆ ಬಂದಿದ್ದರು. ರಕ್ತ ಕಡಿಮೆ, ಬಿಳಿ ಕಣ ಕಡಿಮೆ. ಮಜ್ಜೆಯ ಪರೀಕ್ಷೆಯ ವರದಿಯಲ್ಲಿ ಮಯಲೋಡಿಸ್ಪ್ಲಾಸಿಯಾ ಇರಬಹುದೆಂದು ಬಂತು, ಅಂದರೆ ರಕ್ತದ ಕ್ಯಾನ್ಸರಿನ ಹೊಸ್ತಿಲಿನಂಥ ಕಾಯಿಲೆ. ಮನೆಯವರು ಆಸೆ ಬಿಟ್ಟಿದ್ದರು. ಮೂರನೇ ಸಲ ಬಂದಾಗ ಅವರ ಹೆಂಡತಿ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಬಟ್ಟೆ ಅಂಗಡಿಯ ಕವರಿನಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಬಿಪಿಯದು, ಗ್ಯಾಸಿನದು, ಅವುಗಳ ನಡುವೆ ಹನ್ನೊಂದು ಸ್ಟ್ರಿಪ್ ಜಿಂಕ್. "ಇದು ಔಷಧಿ ಅಲ್ಲ ಡಾಕ್ಟ್ರೇ, ಬರೀ ಶಕ್ತಿಗೆ" ಎಂದರು ಆಕೆ. ಹಿಂದಿನ ಎರಡು ಭೇಟಿಯಲ್ಲೂ ನಾನು "ಏನು ಔಷಧಿ ತಗೋತೀರಿ" ಎಂದಷ್ಟೇ ಕೇಳಿದ್ದೆ, ಅವರು ಬಿಪಿ ಮಾತ್ರೆಯನ್ನಷ್ಟೇ ಹೇಳಿದ್ದರು. ತಾಮ್ರ ಪರೀಕ್ಷಿಸಿದರೆ ರಕ್ತದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಜಿಂಕ್ ನಿಲ್ಲಿಸಿ ತಾಮ್ರ ಕೊಟ್ಟ ಮೂರು ತಿಂಗಳಲ್ಲಿ ರಕ್ತ ಪೂರ್ತಿ ಸರಿಹೋಯಿತು. ಆದರೆ ಕಾಲಿನ ಜೋಮು ಅರ್ಧ ಹಾಗೇ ಉಳಿಯಿತು. ಆ ಅರ್ಧ ನನ್ನನ್ನು ಇವತ್ತಿಗೂ ಕಾಡುತ್ತದೆ. ನಿಮಗೆ ತಡ ಮಾಡಬೇಡಿ ಎನ್ನುತ್ತಿರುವುದು ಅದಕ್ಕೇ.

ಈಗ ಮಾಡಬೇಕಾದ್ದು. ಎರಡೂ ಜಿಂಕ್ ಮಾತ್ರೆಗಳನ್ನು ಇವತ್ತೇ ನಿಲ್ಲಿಸಿ. ನೀವು ಬರೆದ ಕಾರಣಗಳಿಗೆ ಅವು ಬೇಕಿಲ್ಲ, ನಿಲ್ಲಿಸಿದರೆ ತೊಂದರೆಯೂ ಇಲ್ಲ. ಆಮೇಲೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ, ಯಾವುದೇ ತಾಮ್ರದ ಮಾತ್ರೆ ಬಾಯಿಗೆ ಹಾಕುವ ಮೊದಲೇ, ರಕ್ತದ ತಾಮ್ರ, ಸೆರುಲೋಪ್ಲಾಸ್ಮಿನ್, ಜಿಂಕ್ ಮತ್ತು ಬಿ12 ಪರೀಕ್ಷೆಗೆ ಕೊಡಿ. ಮಾತ್ರೆ ಶುರು ಮಾಡಿ ಪರೀಕ್ಷೆ ಮಾಡಿಸಿದರೆ ಚಿತ್ರ ಕಲಸಿಹೋಗುತ್ತದೆ. ತಾಮ್ರ ಸಾಮಾನ್ಯವಾಗಿ ಡೆಸಿಲೀಟರಿಗೆ 70ರಿಂದ 140 ಮೈಕ್ರೋಗ್ರಾಂ ಇರುತ್ತದೆ, ಲ್ಯಾಬಿಗೆ ತಕ್ಕಂತೆ ಅಂಕಿ ಸ್ವಲ್ಪ ಆಚೀಚೆ. ಮೈಯಲ್ಲಿ ಸೋಂಕು, ಉರಿಯೂತ ಇದ್ದಾಗ ಈ ಅಂಕಿ ಸುಳ್ಳೇ ಮೇಲೇರುತ್ತದೆ, ಆದ್ದರಿಂದ ಜ್ವರವಿದ್ದ ದಿನ ರಕ್ತ ಕೊಟ್ಟಿದ್ದರೆ ಅದನ್ನು ತಿಳಿಸಿ.

ಇಲ್ಲೊಂದು ಸೂಕ್ಷ್ಮವಿದೆ, ನಿಮ್ಮ ಮನೆಯ ಮಟ್ಟಿಗೆ ಅದು ದೊಡ್ಡದು. ಸೆರುಲೋಪ್ಲಾಸ್ಮಿನ್ ನಿಮ್ಮಂಥ ಕೊರತೆಯಲ್ಲೂ ಕಡಿಮೆ ಬರುತ್ತದೆ, ವಿಲ್ಸನ್ ಕಾಯಿಲೆಯಲ್ಲೂ ಕಡಿಮೆ ಬರುತ್ತದೆ. "ಮನೆಯಲ್ಲಿ ವಿಲ್ಸನ್ ಇದೆ" ಎಂದು ನೀವು ಹೇಳಿದ ಕೂಡಲೇ ಯಾರಾದರೂ ಆ ಅಂಕಿಯನ್ನು ತಪ್ಪಾಗಿ ಓದಿದರೆ ನಿಮಗೆ ಮತ್ತಷ್ಟು ಜಿಂಕ್ ಬರೆದುಕೊಡುವ ಅಪಾಯವಿದೆ, ಏಕೆಂದರೆ ವಿಲ್ಸನ್‌ಗೆ ಜಿಂಕ್ ಔಷಧಿ. ಆ ಹುಡುಗ ನಿಮ್ಮ ಗಂಡನ ಕಡೆಯವನು, ನಿಮ್ಮ ರಕ್ತಸಂಬಂಧಿಯಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಸೋದರಿಕೆಯಲ್ಲೇ ಮದುವೆಯಾಗಿದ್ದರೆ ಅದನ್ನೂ ಹೇಳಿ. ಸಂದೇಹ ಉಳಿದರೆ 24 ಗಂಟೆಯ ಮೂತ್ರದ ತಾಮ್ರ ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ. ವಿಲ್ಸನ್‌ನಲ್ಲಿ ಅದು ಹೆಚ್ಚು, ಕೊರತೆಯಲ್ಲಿ ಕಡಿಮೆ.

ಕೊರತೆ ಖಚಿತವಾದರೆ ದಾರಿಗಳು ಮೂರು. ಬರೀ ಜಿಂಕ್ ನಿಲ್ಲಿಸಿ ಕಾಯುವುದು ಒಂದು. ರಕ್ತವಷ್ಟೇ ಇಳಿದವರಿಗೆ ಇದು ಸಾಕಾಗಬಹುದು, ಆದರೆ ಮೈಯಲ್ಲಿ ಸೇರಿದ ಜಿಂಕ್ ಇಳಿಯಲು ವಾರಗಟ್ಟಲೆ ಹಿಡಿಯುತ್ತದೆ. ನಿಮ್ಮ ಕಾಲಿಗೆ ಆಗಲೇ ತಟ್ಟಿದೆ, ಕಾಯುವುದನ್ನು ನಾನು ಒಪ್ಪುವುದಿಲ್ಲ. ಎರಡನೆಯದು ವೈದ್ಯರು ಬರೆದುಕೊಟ್ಟ ತಾಮ್ರದ ಮಾತ್ರೆ. ಸಾಮಾನ್ಯವಾಗಿ ದಿನಕ್ಕೆ 2ರಿಂದ 8 ಮಿ.ಗ್ರಾಂ ನಡುವೆ, ಹೆಚ್ಚಿನಿಂದ ಶುರುಮಾಡಿ ಇಳಿಸುತ್ತ ಬರುತ್ತೇವೆ. ನಿಮಗೆ ಬಹುಶಃ ಇದೇ. ಹೊಟ್ಟೆ ತೊಳಸಬಹುದು, ಊಟದ ಜೊತೆ ತೆಗೆದುಕೊಂಡರೆ ತಡೆಯುತ್ತದೆ. ಅಳತೆ ಮೀರಿದರೆ, ತಿಂಗಳುಗಟ್ಟಲೆ ಪರೀಕ್ಷೆಯಿಲ್ಲದೆ ತಿಂದರೆ ಲಿವರಿಗೆ ಪೆಟ್ಟು. ಮೂರನೆಯದು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವುದು. ಬಿಳಿ ಕಣ ತೀರಾ ಕುಸಿದವರಿಗೆ, ನಡಿಗೆ ಬೇಗ ಕೆಡುತ್ತಿರುವವರಿಗೆ ಅದು.

ರಕ್ತದ ಅಂಕಿಗಳು ಒಂದರಿಂದ ಮೂರು ತಿಂಗಳಲ್ಲಿ ಏರುತ್ತವೆ. ಕಾಲಿನ ಬಗ್ಗೆ ನಾನು ಅಷ್ಟು ಧೈರ್ಯದ ಮಾತು ಹೇಳಲಾರೆ. ಹದಗೆಡುವುದು ನಿಲ್ಲುತ್ತದೆ, ಎಷ್ಟು ವಾಪಸು ಬರುತ್ತದೆಂಬುದು ಎಷ್ಟು ಬೇಗ ಶುರು ಮಾಡಿದಿರಿ ಎಂಬುದರ ಮೇಲೆ ನಿಂತಿದೆ. ಅಲ್ಲಿಯವರೆಗೆ 100 ಡಿಗ್ರಿ ದಾಟಿ ಜ್ವರ ಬಂದರೆ ಮನೆಯಲ್ಲಿ ಕಷಾಯ ಮಾಡಿಕೊಂಡು ಕೂರಬೇಡಿ. ಬಿಳಿ ಕಣ ಇಷ್ಟು ಕಡಿಮೆ ಇರುವಾಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಯಾರಾದರೂ ತಾಮ್ರಭಸ್ಮ ತಿನ್ನಿ ಎಂದಾರು. ಅದರಲ್ಲಿ ನಿಮ್ಮ ಮೈಗೆ ಸೇರುವ ತಾಮ್ರ ಎಷ್ಟೆಂದು ಅಳೆಯದೆ ಚಿಕಿತ್ಸೆ ಮಾಡಲಾಗುವುದಿಲ್ಲ, ಬೇಡ. ನಿಮ್ಮದು ಅಡಿಕೆ ತೋಟದ ಮನೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ ಕೊಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಅದೂ ತಾಮ್ರವೇ ತಾನೆ ಎಂದು ಚಿಟಿಕೆ ಹಾಕಿಕೊಂಡವರನ್ನು ಕಂಡಿದ್ದೇನೆ. ಮೈಲುತುತ್ತ ಜಠರವನ್ನು ಸುಡುತ್ತದೆ, ರಕ್ತಕಣಗಳನ್ನು ಒಡೆಯುತ್ತದೆ, ಮೂತ್ರಪಿಂಡ ಕೆಡಿಸುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ಚೊಂಬಿನ ಮಾತಿಗೆ ಬರೋಣ. ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟರು. ಬ್ಯಾಕ್ಟೀರಿಯಾ ಸತ್ತವು. ನೀರಿಗೆ ಇಳಿದ ತಾಮ್ರ ಲೀಟರಿಗೆ 0.18 ಮಿ.ಗ್ರಾಂ ಅಷ್ಟೇ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿ.ಗ್ರಾಂ. ಎರಡು ಲೀಟರ್ ಕುಡಿದರೂ 0.36. ಆರೋಗ್ಯವಂತರಿಗೆ ಇದರಿಂದ ಕೇಡಿಲ್ಲ. ಆದರೆ ಜಿಂಕ್ ಹಾಕಿದ ಬಲೆ ಕರುಳಿನಲ್ಲಿ ಇರುವಾಗ ಇಷ್ಟು ತಾಮ್ರ ನಿಮ್ಮ ಕೊರತೆ ನೀಗಿಸುವುದಿಲ್ಲ. ನರೆಗೂದಲೂ ಕಪ್ಪಾಗುವುದಿಲ್ಲ. ಕೂದಲಿನ ಬಣ್ಣ ತಯಾರಿಸುವ ಕಿಣ್ವಕ್ಕೆ ತಾಮ್ರ ಬೇಕೆಂಬುದು ನಿಜ, ಆ ನಿಜವನ್ನೇ ಎಳೆದು ಈ ನಂಬಿಕೆ ಬೆಳೆದಿದೆ. ವಯಸ್ಸಿಗೆ, ವಂಶಕ್ಕೆ ಬಂದ ನರೆಗೆ ಅದು ಮದ್ದಲ್ಲ.

ಚೊಂಬು ಬಳಸುವವರಿಗೆ ಎಚ್ಚರಿಕೆ ಬೇಕಾಗಿರುವುದು ಹುಳಿಯ ವಿಷಯದಲ್ಲಿ. ನಿಂಬೆ ಹಿಂಡಿದ ನೀರು, ಮಜ್ಜಿಗೆ, ಪುನರ್ಪುಳಿ ಪಾನಕ ಇವು ತಾಮ್ರವನ್ನು ಕರಗಿಸಿಕೊಳ್ಳುತ್ತವೆ. ಬಾಯಿಗೆ ಲೋಹದ ಒಗರು ತಾಗಿದರೆ ಚೆಲ್ಲಿಬಿಡಿ, ಕುಡಿದರೆ ವಾಂತಿ. ನಿಮ್ಮ ಕಡೆ ಜಂಬಿಟ್ಟಿಗೆ ನೆಲದ ಬಾವಿ ನೀರು ಎಷ್ಟೋ ಕಡೆ ಸಹಜವಾಗಿಯೇ ಆಮ್ಲೀಯ, ಅದು ಲ್ಯಾಬಿನ ಆ ನೀರಿಗಿಂತ ಹೆಚ್ಚು ತಾಮ್ರ ಎಳೆಯಬಹುದು. ನೀರಿನ ಪಿಎಚ್ ಒಮ್ಮೆ ನೋಡಿಸಿ, 6.5ಕ್ಕಿಂತ ಕೆಳಗಿದ್ದರೆ ರಾತ್ರಿಯಿಡೀ ತಾಮ್ರದಲ್ಲಿ ಇಡಬೇಡಿ. ಹಸಿರು ಕಿಲುಬು ಕಂಡರೆ ಹುಣಸೆ ಉಪ್ಪು ಹಾಕಿ ತಿಕ್ಕಿ, ಮೂರು ನೀರಲ್ಲಿ ತೊಳೆಯಿರಿ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸುವ ಮೊದಲು ನಮ್ಮ ಅಜ್ಜಿಯಂದಿರು ಕಲಾಯಿ ಹಾಕಿಸುತ್ತಿದ್ದದ್ದು ಇದೇ ಕಾರಣಕ್ಕೆ. ಊರಿಗೆ ಬಂದ ಕಲಾಯಿಯವನು ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಹತ್ತಿಯಲ್ಲಿ ತವರವನ್ನು ಒಳಗೆಲ್ಲ ಸವರುತ್ತಿದ್ದಂತೆ ಹಳದಿ ತಳ ಬೆಳ್ಳಗಾಗುತ್ತಿತ್ತು. ಹುಳಿಗೂ ತಾಮ್ರಕ್ಕೂ ನಡುವೆ ಗೋಡೆ ಕಟ್ಟುವ ಕೆಲಸ ಅದು.

ಮೊಮ್ಮಗಳಿಗೆ ಆ ನೀರು ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಮಗು ಹುಟ್ಟುವಾಗಲೇ ಅದರ ಲಿವರಿನಲ್ಲಿ ತಾಯಿಯಿಂದ ಬಂದ ತಾಮ್ರದ ದೊಡ್ಡ ದಾಸ್ತಾನು ಇರುತ್ತದೆ, ಹೆಚ್ಚಾದದ್ದನ್ನು ಹೊರಹಾಕುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಪುಟ್ಟ ಮಕ್ಕಳ ಲಿವರು ಗಡುಸಾಗಿ ಸಾಯುವ ಕಾಯಿಲೆ ಇತ್ತು, ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್ ಎಂದೇ ಅದರ ಹೆಸರು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೆ ಅದು ತಳುಕು ಹಾಕಿಕೊಂಡಿದೆ ಎಂದು 1980ರ ದಶಕದಲ್ಲಿ ಪುಣೆಯಲ್ಲಿ ಕೆಲಸ ಮಾಡಿದ ವೈದ್ಯರು ತೋರಿಸಿದರು. ಮನೆಗಳಿಗೆ ಸ್ಟೀಲು ಬಂತು, ಕಾಯಿಲೆ ಬಹುತೇಕ ಮಾಯವಾಯಿತು. ತಾಮ್ರದಲ್ಲಿ ಹಾಲು ಇಡಬಾರದೆಂಬ ಕಟ್ಟಳೆ ನಮ್ಮ ಹಳೆಯ ಮನೆಗಳಲ್ಲಿತ್ತು. ಅದನ್ನು ಉಳಿಸಿಕೊಳ್ಳಿ. ಮಗುವಿಗೆ ಕುದಿಸಿ ಆರಿಸಿದ ನೀರು, ಸ್ಟೀಲಿನ ಲೋಟ.

ಒಂದು ಗೊಂದಲ ಆಗಬಾರದು. ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಜೊತೆ 14 ದಿನ ಜಿಂಕ್ ಕೊಡುತ್ತಾರೆ. ಅದು ಜೀವ ಉಳಿಸುವ ಚಿಕಿತ್ಸೆ, ನನ್ನ ಮಾತು ಕೇಳಿ ಅದನ್ನು ತಪ್ಪಿಸಬೇಡಿ. ಮೈದುನನ ಮಗ ಜಿಂಕ್ ತಿನ್ನುತ್ತಿದ್ದರೆ ಅವನೂ ಒಂದು ದಿನವೂ ಬಿಡಬಾರದು. ವಿಲ್ಸನ್ ಕಾಯಿಲೆಯಲ್ಲಿ ಲಿವರಿಗೆ ತಾಮ್ರವನ್ನು ಪಿತ್ತದ ಮೂಲಕ ಹೊರಹಾಕಲು ಬರುವುದಿಲ್ಲ, ಅದು ಲಿವರಿನಲ್ಲೂ ಮೆದುಳಿನಲ್ಲೂ ಶೇಖರವಾಗುತ್ತದೆ. ಆದ್ದರಿಂದ ಕರುಳಿನಲ್ಲೇ ಬಲೆ ಹಾಕಿ ತಡೆಯುವುದು ಅವನಿಗೆ ಬೇಕಾದ ಕೆಲಸ. ದೊಡ್ಡವರಿಗೆ ಅಲ್ಲಿ ದಿನಕ್ಕೆ 150 ಮಿ.ಗ್ರಾಂ ಜಿಂಕ್ ಕೊಡುತ್ತಾರೆ. ಅವನನ್ನು ಕಾಯುವ ಮಾತ್ರೆಯೇ ನಿಮ್ಮನ್ನು ಕೆಡವಿರಬಹುದು. ಅವನಿಗೆ ಒಡಹುಟ್ಟಿದವರಿದ್ದರೆ, ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಪರೀಕ್ಷೆ ಮಾಡಿಸಲೇಬೇಕು. ನಾಲ್ವರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇರುತ್ತದೆ, ಲಕ್ಷಣ ಕಾಣುವ ಮೊದಲೇ ಔಷಧಿ ಶುರುವಾದರೆ ಬದುಕು ಮಾಮೂಲಿನಂತೆ ಸಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಯನ್ನು ದಶಕಗಳಿಂದ ನೋಡುತ್ತಿದ್ದಾರೆ. ಈ ಮಾತನ್ನು ದಯವಿಟ್ಟು ನಿಮ್ಮ ಮೈದುನನಿಗೆ ಮುಟ್ಟಿಸಿ.

ವೈದ್ಯರ ಹತ್ತಿರ ಹೋಗುವಾಗ ಎರಡೂ ಜಿಂಕ್ ಸ್ಟ್ರಿಪ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಕೇಳುವ ಮೊದಲೇ ಮೇಜಿನ ಮೇಲಿಡಿ. ಕಾಲಿಗೆ ನೆಲ ತಿಳಿಯುವವರೆಗೆ ಬಚ್ಚಲಲ್ಲಿ ಒಂದು ಸ್ಟೂಲ್ ಹಾಕಿಸಿಕೊಂಡು ಕೂತೇ ಮುಖ ತೊಳೆಯಿರಿ, ರಾತ್ರಿ ಎದ್ದು ಓಡಾಡುವ ದಾರಿಯಲ್ಲಿ ಒಂದು ದೀಪ ಉರಿಯುತ್ತಿರಲಿ, ಮಳೆಗಾಲದ ಪಾಚಿಗಟ್ಟಿದ ಅಂಗಳಕ್ಕೆ ಒಬ್ಬರೇ ಇಳಿಯಬೇಡಿ.